ಒಂದೇ ಗಟ್ಟಿಯ ಎರಡು ಫಿರೋಜಾ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಠಾಣೆಗೆ ಬಂದ ದೂರನ್ನು ಓದಿದ ಇನ್ಸ್‌ಪೆಕ್ಟರ್, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಹರಳಿನ ಅಂಗಡಿಯ ಗಾಜಿನ ಕಪಾಟಿನಿಂದ ಒಂದು ಫಿರೋಜಾ ಕಲ್ಲು ಕಳುವಾಗಿತ್ತು. ಬಣ್ಣ ಆಕಾಶನೀಲಿ, ಗಾತ್ರ ಕಡಲೆಕಾಳಿನಷ್ಟು, ನಡುವೆ ಕವಲೊಡೆದ ಒಂದು ಕಪ್ಪು ಗೆರೆ. ಪಕ್ಕದಲ್ಲೇ ಇದ್ದ ಮಾಣಿಕ್ಯ, ಪಚ್ಚೆಗಳನ್ನು ಯಾರೂ ಮುಟ್ಟಿರಲಿಲ್ಲ. ಯಜಮಾನ ಎರಡು ದಿನ ಪರಸ್ಥಳದಲ್ಲಿದ್ದು, ಬೆಳಿಗ್ಗೆ ಅಂಗಡಿ ತೆರೆದಾಗಷ್ಟೇ ಕಳವು ಗೊತ್ತಾಗಿತ್ತು.

“ಮಾಣಿಕ್ಯ ಬಿಟ್ಟು ಇದನ್ನ ಹೊತ್ಕೊಂಡು ಹೋಗಿದಾನಲ್ಲ ಸಾರ್, ಇವ್ನು ಕಳ್ಳನೋ ದಡ್ಡನೋ?” ಎಂದ ಕಾನ್‌ಸ್ಟೆಬಲ್. ಠಾಣೆಯಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು. ಒಮ್ಮೆ ಶುರುವಾದರೆ ನಿಲ್ಲಿಸುವ ಗುಂಡಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

“ಅಡಿಕೆ ಕದ್ರೂ ಕಳ್ಳ, ಆನೆ ಕದ್ರೂ ಕಳ್ಳ. ಮೊದ್ಲು ಎಫ್‌ಐಆರ್ ಬರಿ,” ಎಂದರು ಇನ್ಸ್‌ಪೆಕ್ಟರ್.

ಹತ್ತು ಗಂಟೆಗೆ ಅಂಗಡಿಯಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಹಿಂಬಾಗಿಲ ಬೀಗವಾಗಲಿ ಕಪಾಟಿನ ಬೀಗವಾಗಲಿ ಮುರಿದಿರಲಿಲ್ಲ. ಸೂಜಿಯಂಥ ಯಾವುದೋ ಉಪಕರಣದಿಂದ ಬಿಚ್ಚಿದವನು ಹೋಗುವಾಗ ಎರಡನ್ನೂ ಮತ್ತೆ ಹಾಕಿಯೇ ಹೋಗಿದ್ದ. ಇಷ್ಟು ಅಚ್ಚುಕಟ್ಟು ತಮ್ಮ ಠಾಣೆಯಲ್ಲೂ ಇಲ್ಲವಲ್ಲ ಎಂದುಕೊಂಡರು ಇನ್ಸ್‌ಪೆಕ್ಟರ್.

ಗಾಜಿನ ಮೇಲೆ ಜಿಡ್ಡಾದ ಹೆಬ್ಬೆರಳಿನ ಗುರುತೊಂದಿತ್ತು. ಬಗ್ಗಿ ಮೂಸಿದರೆ ನೋವಿನೆಣ್ಣೆಯ ಘಾಟು. ಅವರ ಮನೆಯಲ್ಲಿ ಅತ್ತೆಯ ಮಂಡಿಗೆ ದಿನವೂ ತಿಕ್ಕುವುದು ಅದೇ ಎಣ್ಣೆ. ಆ ವಾಸನೆಗೆ ಹೆದರಿ ಅವರು ಎಷ್ಟೋ ಸಂಜೆ ತಡವಾಗಿ ಮನೆಗೆ ಹೋಗಿದ್ದುಂಟು.

“ಈ ಕಲ್ಲಿಗೆ ಅಂಥಾದ್ದೇನು ಮಹಿಮೆ ಯಜಮಾನ್ರೇ?” ಎಂದು ರೇಡಿಯೊ ಕೇಳಿದ.

ಅಂಗಡಿ ಯಜಮಾನನಿಗೆ ಐವತ್ತೈದರ ಸುಮಾರು. ಕಳವಾದ ದುಃಖದಲ್ಲೂ ಕಸುಬಿನ ಮಾತು ಬಂದರೆ ಮುಖ ಅರಳುತ್ತಿತ್ತು. “ಮರುಭೂಮಿ ಗುಡ್ಡಗಳಲ್ಲಿ ಸಾವಿರಾರು ವರ್ಷದಿಂದ ಅಗೀತಾ ಇದಾರೆ. ರಾಜರು ಸತ್ರೆ ಗೋರಿಲಿ ಇದನ್ನ ಜೊತೆಗಿಡ್ತಿದ್ರು. ಸವಾರರು ಕುದುರೆ ಕಡಿವಾಣಕ್ಕೆ ಕಟ್ತಿದ್ರು. ಕುದುರೆ ಬಿದ್ರೂ ಸವಾರನ ಮೂಳೆ ಮುರಿಯಲ್ಲ, ಆ ಪೆಟ್ಟು ತಿಂದು ಕಲ್ಲೇ ಒಡೆಯುತ್ತೆ ಅಂತ. ಕಣ್ಣಿಗೆ ಒಳ್ಳೇದು, ಎದೆಗೆ ಒಳ್ಳೇದು ಅಂತಾರೆ. ಹಾಕ್ಕೊಂಡೋರ ಆರೋಗ್ಯ ಕೆಟ್ರೆ ನೀಲಿ ಹೋಗಿ ಹಸಿರಾಗುತ್ತೆ ಅಂತಾನೂ ಅಂತಾರೆ.”

“ನೀವು ನಂಬ್ತೀರಾ?” ಇನ್ಸ್‌ಪೆಕ್ಟರ್ ಕೇಳಿದರು.

“ನಾನು ಮಾರ್ತೀನಿ ಸಾರ್. ನಂಬೋದು ಗಿರಾಕಿ ಕೆಲ್ಸ.”

“ಮತ್ತೆ ಈ ಜಾಗದಲ್ಲಿ ‘ಮಾರಾಟಕ್ಕಿಲ್ಲ’ ಅಂತ ಚೀಟಿ ಇದೆ?”

ಯಜಮಾನ ಗಂಟಲು ಸರಿಮಾಡಿಕೊಂಡ. “ಅದು ನಮ್ಮ ಮನೆ ಸಾಣೆಲಿ ಉಜ್ಜಿದ್ದು.”

“ಇದನ್ನ ಯಾರಾದ್ರೂ ಕೇಳಿದ್ರಾ?”

ಯಜಮಾನ ಆ ಚೀಟಿಯನ್ನು ನೆಟ್ಟಗೆ ಮಾಡಿಟ್ಟ. “ಹೋದ ವಾರ ಒಬ್ಬ ಕೇಳಿದ. ಗಡಿಯಾರ ರಿಪೇರಿಯವನು.”

“ಪರಿಚಯಾನಾ?”

“ನನ್ನ ತಂಗಿ ಗಂಡ.”

“ದೂರಲ್ಲಿ ಯಾರ ಮೇಲೂ ಅನುಮಾನ ಇಲ್ಲ ಅಂದಿದೀರಿ.”

“ಮನೆ ಮಾತು ಸಾರ್. ಬೀದಿಗೆ ಯಾಕೆ ಅಂತ.”

ಕೆದಕಿದಂತೆ ಒಂದೊಂದೇ ಹೊರಬಂತು. ಇವರ ತಂದೆ ಕಲ್ಲು ಕೊಯ್ಯುವ ಕಸುಬಿನವರು. ಉಜ್ಜುವ ಕೈ ಮಗನಿಗೆ ಬರಲಿಲ್ಲ, ಮಗಳಿಗೆ ಬಂತು. ತಂದೆ ತೀರಿಕೊಂಡ ಮೇಲೆ ಆ ಸಾಣೆಯನ್ನು ಅಣ್ಣ ಒಂದು ಮಾತೂ ಹೇಳದೆ ಗುಜರಿಗೆ ಹಾಕಿದ. ಅಂದಿನಿಂದ ತಂಗಿ ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಇಬ್ಬರೂ ಹಿಡಿದ ಹಟ ಬಿಡುವ ಪೈಕಿ ಅಲ್ಲ.

“ಏನಂತ ಕೇಳಿದ ಅವ್ನು?”

“ತಂಗಿಗೆ ಹೊಟ್ಟೇಲಿ ಗಡ್ಡೆ, ಉಂಗುರದ ಕಲ್ಲು ಹಸಿರಾಗಿದೆ, ಆಪರೇಷನ್ ಬೇಡ ಅಂತ ಕೂತಿದಾಳೆ, ನಾಲ್ಕು ದಿನಕ್ಕೆ ನಿಮ್ಮದು ಕೊಡಿ ಅಂದ. ಬೇಕಾದ್ರೆ ಅವಳೇ ಬಂದು ಕೇಳ್ಲಿ ಅಂದೆ.”

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅವರು ಗಡಿಯಾರದ ಅಂಗಡಿ ತಲುಪಿದರು. ಬೀರುವಿನಷ್ಟೇ ಅಗಲದ ಜಾಗ. ಗೋಡೆಯ ತುಂಬ ಗಡಿಯಾರಗಳು, ಒಂದರ ಹೊತ್ತು ಇನ್ನೊಂದಕ್ಕಿಲ್ಲ.

“ಪಂಚನಾಮೆಗೆ ಯಾವ ಟೈಮ್ ಬರ್ಕೊಳ್ಳೋದು ಸಾರ್?” ಎಂದು ರೇಡಿಯೊ ಪಿಸುಗುಟ್ಟಿದ.

ತೆಳ್ಳಗಿನ ಒಬ್ಬಾತ ಬಾಗಿಲು ಎಳೆಯಲು ಎದ್ದು ನಿಂತಿದ್ದ. ಹತ್ತಿರ ಹೋಗುತ್ತಲೇ ಅದೇ ಘಾಟು.

“ಕೈಗೇನು ಹಚ್ಚಿದೀರಿ?”

ಆತ ತನ್ನ ಅಂಗೈ ನೋಡಿಕೊಂಡ. “ನೋವಿನೆಣ್ಣೆ ಸಾರ್. ಹೆಂಡ್ತಿ ಕೈಗೆ ಹಚ್ಚೋದು. ಎಷ್ಟು ತೊಳೆದ್ರೂ ಹೋಗಲ್ಲ.”

“ಸೋಮವಾರ, ಮಂಗಳವಾರ ರಾತ್ರಿ ಎಲ್ಲಿದ್ರಿ?”

ಆತ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ಮೇಜಿನ ಖಾನೆ ಎಳೆದು ಚಿಕ್ಕ ಡಬ್ಬಿಯೊಂದನ್ನು ಮುಂದಿಟ್ಟ. ಅದರಲ್ಲಿ ಪಾಚಿ ಬಣ್ಣಕ್ಕೆ ತಿರುಗಿದ ಒಂದು ಕಲ್ಲಿತ್ತು. “ಇದು ಅವಳದು. ನೀವು ಹುಡುಕ್ತಾ ಇರೋದು ಈಗ ಅವಳ ಉಂಗುರದಲ್ಲಿದೆ.”

“ಕಲ್ಲು ಬದಲಾದ್ರೆ ಗಡ್ಡೆ ಹೋಗುತ್ತೆ ಅಂತ ನಂಬಿದ್ರಾ?”

“ನನಗೆ ಚಕ್ರ, ಸ್ಪ್ರಿಂಗು ಗೊತ್ತು ಸಾರ್. ಕಲ್ಲೇನು ಗೊತ್ತು? ಅವಳ ಉಂಗುರದ ಅಳತೆಗೆ ಕೂರೋದು ಅದೊಂದೇ ಇತ್ತು. ನೀಲಿ ಕಲ್ಲು ಎಲ್ಲ ಒಂದೇ, ಗುರುತು ಸಿಗಲ್ಲ ಅಂದ್ಕೊಂಡೆ. ಮಲಗಿದಾಗ ಉಂಗುರ ತೆಗೆದು ಕೂರಿಸಿದೆ. ನಿನ್ನೆ ಎದ್ದು ಅದನ್ನ ತುಂಬ ಹೊತ್ತು ನೋಡಿದ್ಲು. ಕಣ್ಣಲ್ಲಿ ನೀರು ಬಂತು. ಆಮೇಲೆ ‘ಎಲ್ಲಿ ಸಹಿ ಹಾಕ್ಬೇಕು’ ಅಂದ್ಲು.” ಆತ ಕೈ ಮುಗಿದ. “ಅವಳು ಆಸ್ಪತ್ರೆಲಿದಾಳೆ, ಹನ್ನೆರಡಕ್ಕೆ ಆಪರೇಷನ್. ಈಗ ಉಂಗುರ ಕಿತ್ಕೊಂಡ್ರೆ ಅವಳು ಒಳಗೇ ಹೋಗಲ್ಲ. ಆಮೇಲೆ ನನ್ನನ್ನ ಏನ್ ಬೇಕಾದ್ರೂ ಮಾಡಿ.”

ಇನ್ಸ್‌ಪೆಕ್ಟರಿಗೆ ಮರುಕವೂ ಬಂತು, ಸಿಟ್ಟೂ ಬಂತು. ಕಳವಿನ ಮಾಲು ಎಲ್ಲಿದೆಯೆಂದು ಗೊತ್ತಿದ್ದೂ ಕೈಕಟ್ಟಿ ಕೂರುವುದು ಅವರಿಗೆ ಒಗ್ಗದ ವಿದ್ಯೆ. ಅತ್ತಿತ್ತ ಎರಡು ಹೆಜ್ಜೆ ಹಾಕಿ ನಿಂತರು.

“ಉಂಗುರ ಹಾಕ್ಕೊಂಡು ಆಪರೇಷನ್‌ಗೆ ಬಿಡ್ತಾರಾ?”

“ಇಲ್ಲ. ಬಾಗಿಲ ಹತ್ರ ನರ್ಸು ಬಿಚ್ಚಿ ನಮಗೆ ಕೊಡ್ತಾರಂತೆ.”

“ಹಾಗಾದ್ರೆ ಅಲ್ಲೇ ಜಪ್ತಿ. ರೇಡಿಯೊ, ಯಜಮಾನ್ರಿಗೆ ಫೋನ್ ಮಾಡು. ಮಾಲು ಗುರುತಿಸೋಕೆ ಆಸ್ಪತ್ರೆಗೇ ಬರ್ಲಿ.”

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಪೊಲೀಸರು ಲಿಫ್ಟಿನ ಮರೆಯಲ್ಲಿ ನಿಂತರು. ಗಂಡ ಒಬ್ಬನೇ ಸ್ಟ್ರೆಚರಿನ ಪಕ್ಕ ನಡೆದುಹೋದ. ಅವಳು ಏನೋ ಹೇಳಿ ನಕ್ಕಳು, ಬಾಗಿಲು ಮುಚ್ಚಿತು. ಏದುಸಿರು ಬಿಡುತ್ತ ಅಂಗಡಿ ಯಜಮಾನ ಮೆಟ್ಟಿಲು ಹತ್ತಿ ಬಂದ. ಭಾವಮೈದುನರು ಒಬ್ಬರನ್ನೊಬ್ಬರು ನೋಡಿಯೂ ನೋಡದವರ ಹಾಗೆ ನಿಂತರು.

ನರ್ಸ್ ಉಂಗುರವನ್ನು ಹತ್ತಿಯಲ್ಲಿ ಸುತ್ತಿ ತಂದಳು. “ಜೋಪಾನ ಅಂತ ಹತ್ತು ಸಲ ಹೇಳಿದಾರೆ. ‘ಇದು ನಂದಲ್ಲ, ನಮ್ಮಣ್ಣಂದು. ಕೇಳದೇನೇ ಕಳಿಸಿದಾನೆ. ಎದ್ದು ಬಂದು ನಾನೇ ಕೈಯಾರೆ ವಾಪಸ್ ಕೊಡ್ತೀನಿ’ ಅಂದ್ರು. ಇಲ್ಲಿ ಅಣ್ಣ ಯಾರು?”

ಯಾರೂ ಮಾತಾಡಲಿಲ್ಲ. ರೇಡಿಯೊ ಕೂಡ.

“ಅವಳಿಗೆ ಗೊತ್ತಾಗಿತ್ತಾ?” ಗಂಡನ ದನಿ ಕುಗ್ಗಿತ್ತು.

“ಆ ಕವಲು ಗೆರೆ ಬಿಡಿಸಿ ಉಜ್ಜಿದ್ದೇ ಅವಳು,” ಎಂದ ಯಜಮಾನ. “ಒಂದೇ ಗಟ್ಟಿ ಕೊಯ್ದು ಅಪ್ಪ ಇಬ್ಬರಿಗೂ ಕೊಟ್ರು. ಒಬ್ಬರದು ಹಸಿರಾಯ್ತು ಅಂತ ಸುದ್ದಿ ಬಂದ್ರೆ ಸಾಕು, ಇನ್ನೊಬ್ಬರು ಬಾಯಿಬಿಟ್ಟು ಕೇಳಿಸ್ಕೊಳ್ದೆ ತಮ್ಮದನ್ನ ಕಳಿಸ್ಬೇಕು. ಅಪ್ಪ ಹಾಕಿದ ಕಟ್ಟಳೆ.”

“ನಾನು ಬಂದು ಹೇಳಿದಾಗ ಇದು ನಿಮಗೆ ನೆನಪಿತ್ತಾ?”

“ಇತ್ತು.”

ಅವಳು ಕಾಯುತ್ತಿದ್ದುದು ಕಲ್ಲಿನ ಬಣ್ಣಕ್ಕಲ್ಲ, ಅಣ್ಣನಿಗೆ ಎಂದು ಇನ್ಸ್‌ಪೆಕ್ಟರಿಗೆ ಆಗ ಅರ್ಥವಾಯಿತು.

ಲಿಫ್ಟ್ ನಡೆಸುವವನೂ ಕ್ಯಾಂಟೀನಿನ ಮೇಲ್ವಿಚಾರಕನೂ ಪಂಚರಾದರು. ಉಂಗುರ ಜಪ್ತಿಯಾಯಿತು. “ದೂರು ವಾಪಸ್ ತಗೊಳ್ತೀನಿ ಸಾರ್,” ಎಂದ ಯಜಮಾನ.

“ಎಫ್‌ಐಆರ್ ಆಗಿದೆ. ಹೇಳೋದನ್ನ ಕೋರ್ಟಲ್ಲಿ ಹೇಳಿ.”

ಹನ್ನೆರಡೂವರೆಗೆ ಆರೋಪಿಯ ದಸ್ತಗಿರಿಯಾಯಿತು. ಹೊರಡುವಾಗ ಆತ ಯಜಮಾನನ ಮುಂದೆ ನಿಂತ. “ಅವಳು ಕೇಳಿದ್ರೆ, ನೀವೇ ಕಳಿಸಿದ್ದು ಅಂತಾನೇ ಇರ್ಲಿ.”

ಯಜಮಾನ ಅತ್ತುಬಿಟ್ಟ. ಅಷ್ಟರಲ್ಲಿ ಬಾಗಿಲು ತೆರೆದು ನರ್ಸ್ ಕೂಗಿದಳು. “ಪೇಷೆಂಟ್ ಕಡೆಯವರು ಯಾರಿದೀರಿ?” ಗಂಡ ಅಭ್ಯಾಸಬಲದಿಂದ ತಿರುಗಿದ. ರೇಡಿಯೊ ಮೆಲ್ಲಗೆ ಅವನ ತೋಳು ಹಿಡಿದ.

“ನಾನಿದೀನಿ,” ಎಂದು ಯಜಮಾನ ಕಣ್ಣೊರೆಸಿಕೊಂಡು ಮುಂದೆ ಹೋದ. “ನಾನು ಅವಳ ಅಣ್ಣ.”

ಸಂಜೆ, ಅವಳು ಕಣ್ಣು ಬಿಟ್ಟಳೆಂಬ ಸುದ್ದಿ ಬಂದ ಮೇಲೆ, ಇನ್ಸ್‌ಪೆಕ್ಟರ್ ವರದಿ ಮುಗಿಸಿದರು. ಆರೋಪಿ ಲಾಭಕ್ಕಾಗಿ ಕದ್ದಿಲ್ಲ, ಹೆಂಡತಿ ಚಿಕಿತ್ಸೆಗೆ ಒಪ್ಪಲೆಂದು ಕದ್ದಿದ್ದಾನೆ ಎಂದು ಬರೆದರು. ಹಸಿರು ಕಲ್ಲಿನ ಬಗ್ಗೆ ಯಜಮಾನ ಕೊಟ್ಟ ಹೇಳಿಕೆಯನ್ನೂ ಲಗತ್ತಿಸಿದರು. ಫಿರೋಜಾ ಮೆದು ಕಲ್ಲು. ಬೆವರು, ಎಣ್ಣೆ ಏನಿದ್ದರೂ ಕುಡಿಯುತ್ತದೆ. ಈ ಕಲ್ಲು ಹಸಿರಾದದ್ದು ಗಡ್ಡೆಯಿಂದಲ್ಲ, ಹೆಂಡತಿಯ ಕೈಗೆ ಗಂಡ ದಿನವೂ ತಿಕ್ಕಿದ ಎಣ್ಣೆಯಿಂದ. ಇದನ್ನು ಆರೋಪಿಗೆ ತಿಳಿಸುವ ಅಗತ್ಯ ತನಿಖೆಗೆ ಇರಲಿಲ್ಲ. ಇನ್ಸ್‌ಪೆಕ್ಟರ್ ತಿಳಿಸಲಿಲ್ಲ.