ಸಂಜೆಗೆ ಮೆತ್ತಗಾಗುತ್ತಿದ್ದ ದೋಣಿ

ಆ ಶುಕ್ರವಾರ ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಮೊದಲು ಒಳಗೆ ಬಂದದ್ದು ಅಂಟಿನ ವಾಸನೆ, ಆಮೇಲೆ ತೇಪೆ.

ಅವಳಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಆದರೆ ದಂಡೆಯ ರಸ್ತೆಯ ಹಳೆಯ ದೋಣಿಗಳ ಅಂಗಡಿಯಲ್ಲಿ, ಗಾಳಿ ತುಂಬುವ ರಬ್ಬರ್ ದೋಣಿಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಈ ಹೆಸರೇ ನಿಂತುಬಿಟ್ಟಿತ್ತು. ಯಾವಾಗಲೂ ಬೀದಿಯ ಆ ತುದಿಯಿಂದಲೇ ಮಾತು ಶುರು ಮಾಡುವವಳು ಅಂದು ಹೊಸ್ತಿಲಲ್ಲಿ ಸುಮ್ಮನೆ ನಿಂತಿದ್ದಳು.

“ಮಾವ ಇದ್ದಾರಾ?” ಎಂದಳು.

ನನ್ನ ಸೋದರಮಾವ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುವ ಕೆಲಸ ಮಾಡಿ ನಿವೃತ್ತರಾದವರು. ಅತ್ತೆಯ ಜೊತೆ ನಮ್ಮ ಮನೆಯಲ್ಲೇ ಇದ್ದರು. ಊರಿನವರ ಬಾಯಲ್ಲಿ ಅವರು ಪತ್ತೆಮಾವ. ತಲೆ ಚುರುಕಾಗಿತ್ತು, ಮಂಡಿ ಮಾತ್ರ ಕೈಕೊಟ್ಟಿತ್ತು. ಹಾಗಾಗಿ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರು ಸುತ್ತುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು.

ತೇಪೆ ಕುರ್ಚಿಯ ತುದಿಯಲ್ಲಿ ಕುಳಿತಳು. “ನನ್ನ ಕೆಲಸ ಹೋಗ್ತಾ ಇದೆ ಮಾವ. ಕೆಲಸ ಹೋದ್ರೆ ಬೇರೆ ಕಡೆ ಹುಡುಕ್ಕೋಬಹುದು. ಬೇಕಂತ ದೋಣಿ ಹಾಳು ಮಾಡೋಳು ಅನ್ನೋ ಹೆಸರು ಬಂದ್ರೆ ಈ ದಂಡೇಲಿ ಯಾರು ನನ್ನ ಕೈಗೆ ದೋಣಿ ಕೊಡ್ತಾರೆ?”

“ಮೊದಲಿಂದ ಹೇಳಮ್ಮ,” ಎಂದರು ಮಾವ.

ವಿಷಯ ಹೀಗಿತ್ತು. ಒಬ್ಬ ಅಣ್ಣ, ಅವನ ತಂಗಿ, ಇಬ್ಬರೂ ಸೇರಿ ಒಂದು ಸಣ್ಣ ದೋಣಿ ಕೊಳ್ಳಲು ಬಂದಿದ್ದರು. ಅಣ್ಣನಿಗೆ ಗಾಳ ಹಾಕುವ ಹುಚ್ಚು, ತಂಗಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನಡಿಗೆ ಇಳಿಯುವ ಹುಚ್ಚು. ಅಂಗಡಿಯಲ್ಲಿದ್ದ ದೋಣಿಗಳನ್ನೆಲ್ಲ ಇಬ್ಬರೂ ಜಗಳವಾಡುತ್ತ ನೋಡಿ, ಕೊನೆಗೆ ಒಂದು ಬೂದು ಬಣ್ಣದ ದೋಣಿಯನ್ನು ಒಪ್ಪಿದ್ದರು. ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ದೋಣಿಗೆ ಗಟ್ಟಿಯಾಗಿ ಗಾಳಿ ತುಂಬಿ ಅಂಗಳದಲ್ಲಿ ಇಡುವುದು, ಸಂಜೆ ಕೊಳ್ಳುವವರೇ ಬಂದು ಬೆರಳಿಂದ ಒತ್ತಿ ನೋಡುವುದು. ಗಟ್ಟಿಯಾಗಿಯೇ ಇದ್ದರೆ ವ್ಯಾಪಾರ.

“ಬೆಳಿಗ್ಗೆ ನಾನು ತುಂಬ್ತೀನಿ, ಕಲ್ಲಿನ ಹಾಗಿರತ್ತೆ. ಸಂಜೆ ಅವರು ಬರೋ ಹೊತ್ತಿಗೆ ಮೆತ್ತಗಾಗಿರತ್ತೆ. ಸೋಪು ನೀರು ಹಚ್ಚಿ ಇಂಚಿಂಚೂ ನೋಡಿದೆ. ಒಂದು ಗುಳ್ಳೆ ಬರಲ್ಲ. ಮಾರನೇ ದಿನ ಮತ್ತೆ ಅದೇ ಕತೆ. ಬುಧವಾರ ನಾನು ರಜ ಹಾಕಿದ್ದೆ. ಯಜಮಾನರೇ ತುಂಬಿದ್ರು. ಅವತ್ತು ಮಾತ್ರ ಸಂಜೆವರೆಗೂ ಗಟ್ಟಿಯಾಗೇ ಇತ್ತು.”

“ಅಯ್ಯೋ,” ಎಂದೆ ನಾನು. ಯಜಮಾನನ ಜಾಗದಲ್ಲಿ ನಾನಿದ್ದರೂ ಇವಳನ್ನೇ ಅನುಮಾನಿಸುತ್ತಿದ್ದೆ.

“ಅದಕ್ಕೂ ಮುಂಚೆ ಈ ದೋಣಿ ನನಗೇ ಕೊಡಿ ಅಂತ ಕೇಳಿದ್ದೆ. ನಮ್ಮಪ್ಪನಿಗೆ ಅಂತ. ಅವರು ಆಗಲ್ಲ ಅಂದಿದ್ರು. ಈಗ ಎಲ್ಲ ಸೇರಿಸಿ ನೋಡ್ತಿದಾರೆ. ಭಾನುವಾರ ಕೊನೇ ಸಲ ಪರೀಕ್ಷೆ. ಅವತ್ತೂ ಮೆತ್ತಗಾದ್ರೆ ಸೋಮವಾರದಿಂದ ಬರಬೇಡ ಅಂದಿದಾರೆ.” ಅತ್ತೆ ಒಳಗಿನಿಂದ ನೀರು ತಂದುಕೊಟ್ಟು ಅವಳ ಬೆನ್ನ ಮೇಲೆ ಕೈಯಿಟ್ಟರು.

ಮಾವ ಒಂದೇ ಪ್ರಶ್ನೆ ಕೇಳಿದರು. “ಬಿಸಿಲಿಗೆ ಗಾಳಿ ಹಿಗ್ಗತ್ತಲ್ಲ, ದೋಣಿಯ ಅಂಟು ಬಿಟ್ಟುಕೊಳ್ಳಲ್ವಾ?”

“ಬೆಳಿಗ್ಗೆ ತುಂಬೋವಾಗ್ಲೇ ಅದಕ್ಕೆ ಜಾಗ ಬಿಟ್ಟಿರ್ತೀನಿ ಮಾವ. ನನ್ನ ಲೆಕ್ಕ ತಪ್ಪಲ್ಲ.”

ನಾವು ಅಂಗಡಿಗೆ ಹೋದಾಗ ಹನ್ನೊಂದು ದಾಟಿತ್ತು. ತಗಡಿನ ಗೇಟಿನ ಒಳಗೆ ಅಂಗಳ, ಅಂಗಳದ ಮೂಲೆಯಲ್ಲಿ ತೇಪೆಯ ಕೆಲಸದ ಕೋಣೆ, ಮೇಲೆ ಯಜಮಾನನ ಮನೆ. ಹಿಂಬದಿಯಿಂದ ಮನೆಗೆ ಒಂದು ಕಬ್ಬಿಣದ ಮೆಟ್ಟಿಲು. ಯಜಮಾನ ಕೆಟ್ಟವನಲ್ಲ. ಕೆಲಸ ಬಿಡಿಸುವ ಮಾತು ಅವನಿಗೂ ನುಂಗಲಾರದ ತುತ್ತಾಗಿತ್ತು ಎಂದು ಮುಖದಲ್ಲೇ ತಿಳಿಯುತ್ತಿತ್ತು.

“ಮಧ್ಯಾಹ್ನ ಊಟಕ್ಕೆ ಗೇಟಿಗೆ ಬೀಗ ಹಾಕಿ ನಾನು ಮೇಲೆ ಹೋಗಿ ಮಲಗ್ತೀನಿ ಮಾವ. ಒಳಗಿರೋದು ಅವಳೊಬ್ಳೇ, ಕೋಣೇಲಿ ಫ್ಯಾನ್ ಹಾಕ್ಕೊಂಡು ಡಬ್ಬಿ ಬಿಚ್ಕೊಂಡು ಊಟ ಮಾಡ್ತಾ ಇರ್ತಾಳೆ. ಇನ್ಯಾರ ಮೇಲೆ ಅನುಮಾನ ಪಡ್ಲಿ?”

“ಮನೆ ಕಡೆಯಿಂದ ಮೆಟ್ಟಿಲಿದೆಯಲ್ಲ?”

“ಮನೇಲಿ ನಾನು, ನಮ್ಮಕ್ಕ, ಇಬ್ಬರೇ. ಈ ದೋಣಿ ನಮ್ಮ ಭಾವಂದು. ಅವರು ಹೋದ ಮೇಲೆ ಅಕ್ಕನೇ ಮಾರಿಬಿಡು ಅಂದ್ಲು. ಆಮೇಲೆ ಅಂಗಳಕ್ಕೆ ಕಾಲಿಟ್ಟಿಲ್ಲ. ಈ ರಗಳೆ ಯಾವುದೂ ಅವಳ ಕಿವಿಗೆ ಹಾಕಿಲ್ಲ. ನೀವೂ ಹಾಕಬೇಡಿ, ನೊಂದ್ಕೋತಾಳೆ.”

ದೋಣಿ ನಿನ್ನೆ ಸಂಜೆ ಇದ್ದ ಹಾಗೆಯೇ ಬಿದ್ದಿತ್ತು. ಮಾವ ಮಂಡಿ ಹಿಡಿದುಕೊಂಡು ಅದರ ಸುತ್ತ ಒಂದು ಸುತ್ತು ಬಂದರು. ಎರಡು ಪಕ್ಕೆ, ಒಂದು ಮೂತಿ, ಹೀಗೆ ಗಾಳಿ ತುಂಬುವ ಮೂರು ಭಾಗಗಳಿದ್ದವು. ಮೂರನ್ನೂ ಹೆಬ್ಬೆರಳಿನಿಂದ ಒತ್ತಿದರು. ಮೂರೂ ಒಂದೇ ಸಮ ಮೆತ್ತಗಿದ್ದವು. ಗಾಳಿ ಬಿಡುವ ಕಡೆಯ ಮುಚ್ಚಳಗಳು ಎಷ್ಟು ಬಿಗಿಯಾಗಿದ್ದವೆಂದರೆ ಬಿಚ್ಚಲು ನನ್ನ ಕೈಗೂ ಕಷ್ಟವಾಯಿತು. ಮೂತಿಗೆ ಕಟ್ಟಿದ ಹಗ್ಗ ಜಡೆ ಹೆಣೆದ ಹಾಗೆ ಕುಣಿಕೆ ಕುಣಿಕೆಯಾಗಿ ಹೆಣೆದುಕೊಂಡು ದೋಣಿಯ ಒಳಗೆ ಅಚ್ಚುಕಟ್ಟಾಗಿ ಮಲಗಿತ್ತು.

“ಹಗ್ಗ ಹೀಗೆ ಹೆಣೆದವರು ಯಾರು?” ಎಂದರು ಮಾವ.

ಯಜಮಾನ ತೇಪೆಯನ್ನು ನೋಡಿದ, ತೇಪೆ ಯಜಮಾನನನ್ನು ನೋಡಿದಳು. ಇಬ್ಬರೂ ಅಲ್ಲ ಎಂದರು.

ನನ್ನ ಅನುಮಾನ ಎದುರಂಗಡಿಯವನ ಮೇಲೆ. ಅವನು ಫೈಬರ್ ದೋಣಿ ಮಾರುವವನು. ಹೋಗಿ ಬರುವವರಿಗೆಲ್ಲ “ಗಾಳಿ ದೋಣಿ ನಂಬಿ ನೀರಿಗಿಳೀಬೇಡಿ” ಎಂದು ಪುಕ್ಕಟೆ ಬುದ್ಧಿ ಹೇಳುತ್ತಿದ್ದ. ಗೇಟೇನು ಮಹಾ ಎತ್ತರ, ಹಾರಿ ಬಂದಿರಬೇಕು ಎಂದೆ. ಮಾವ ಅವನ ಹೊಟ್ಟೆಯ ಸುತ್ತಳತೆಯನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿದರು. ನಾನು ಆ ಮಾತು ಅಲ್ಲಿಗೇ ಬಿಟ್ಟೆ.

“ಬಾಯಾರಿಕೆ,” ಎಂದು ಮಾವ ನೇರ ಮೇಲಿನ ಮನೆಗೆ ನಡೆದರು. ಅಕ್ಕ ಕಾಫಿ ಕೊಟ್ಟರು. ತೆಳ್ಳಗಿನ ಹೆಂಗಸು, ಮಾತು ಮೆಲ್ಲಗೆ. ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಲು ಕಟ್ಟಿದ ಹಗ್ಗದ ಉಳಿದ ತುದಿ ಜಡೆಯ ಹಾಗೆ ಹೆಣೆದು ನೇತಾಡುತ್ತಿತ್ತು. ಅದನ್ನು ನಾನೂ ನೋಡಿದೆ. ನೋಡಿ ಏನು ಬಂತು?

“ಕಿಟಕಿಯಿಂದ ಅಂಗಳ ಪೂರ್ತಿ ಕಾಣತ್ತೆ,” ಎಂದರು ಮಾವ.

“ಹೂಂ. ಮಧ್ಯಾಹ್ನ ಅಲ್ಲಿ ಬಿಸಿಲು ಸುಟ್ಟು ಹಾಕತ್ತೆ. ಬುಧವಾರ ಒಂದಿನ ಮೋಡ ಇತ್ತು, ಜೀವ ತಣ್ಣಗಾಯ್ತು,” ಎಂದು ಅಕ್ಕ ಪರದೆ ಎಳೆದರು. “ಸಂಜೆ ಹೊತ್ತು ಮಾತ್ರ ಈ ಕಿಟಕಿ ತೆಗೆಯೋದು ಬಿಟ್ಟಿದ್ದೀನಿ.”

ಹೊರಗೆ ಬಂದ ಮೇಲೆ ಸ್ಕೂಟರ್ ಹತ್ತುತ್ತ ನಾನು ಪಿಸುಗುಟ್ಟಿದೆ. “ಗೊತ್ತಾಯ್ತು ಬಿಡಿ. ಗಂಡನ ದೋಣಿ ಮಾರೋಕೆ ಅಕ್ಕನಿಗೆ ಮನಸ್ಸಿಲ್ಲ. ಅದಕ್ಕೆ ಗಾಳಿ ತೆಗೀತಿದಾರೆ.”

“ಅರ್ಧ ಸರಿ,” ಎಂದರು ಮಾವ. “ಆ ಅರ್ಧ ಹೇಳಿದ್ರೆ ಆ ಹೆಣ್ಣುಮಗಳನ್ನ ಕಳ್ಳಿ ಮಾಡಿದ ಹಾಗಾಗತ್ತೆ. ಗಾಡಿ ಬಿಡು.”



ಭಾನುವಾರ ಬಿಸಿಲು ಜೋರಾಗಿತ್ತು. ತೇಪೆ ಬೆಳಿಗ್ಗೆ ದೋಣಿ ತುಂಬಿದಳು. ಊಟದ ಹೊತ್ತಿಗೆ ಮಾವ ಅವಳನ್ನೂ ಯಜಮಾನನನ್ನೂ ನಮ್ಮ ಮನೆಗೆ ಊಟಕ್ಕೆ ಕರೆದರು. ಗೇಟಿನ ಬೀಗದ ಕೈ ಯಜಮಾನನ ಜೇಬಿನಲ್ಲಿ, ತೇಪೆ ಅತ್ತೆಯ ಪಕ್ಕದಲ್ಲಿ. ನನ್ನನ್ನು ಮಾತ್ರ ಹಸಿದ ಹೊಟ್ಟೆಯಲ್ಲಿ ಗೇಟು ಕಾಯಲು ಕಳಿಸಿದರು. ಹಿಂದಿನ ಮೆಟ್ಟಿಲನ್ನೂ ನೋಡಲೇ ಎಂದು ಕೇಳಿದ್ದಕ್ಕೆ, “ಆ ಕಡೆ ತಿರುಗಿಯೂ ನೋಡಬೇಡ” ಎಂದಿದ್ದರು. ಎದುರಂಗಡಿಯವನು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಗೇಟಿನ ಹತ್ತಿರ ನರಪಿಳ್ಳೆಯೂ ಸುಳಿಯಲಿಲ್ಲ.

ಸಂಜೆ ಎಲ್ಲರೂ ಅಂಗಳದಲ್ಲಿ ಸೇರಿದೆವು. ಅಣ್ಣ ಹೆಬ್ಬೆರಳಿಂದ ಒತ್ತಿದ. ದೋಣಿ ಒಳಕ್ಕೆ ಕುಸಿಯಿತು.

“ನೋಡು, ನಾನು ಹೇಳಿದ್ನಾ? ಇದರ ಸಹವಾಸ ಬೇಡ,” ಎಂದ ತಂಗಿಗೆ. “ನೀನು ಕೆಳಗೆ ಮುಳುಗಿರೋವಾಗ ಮೇಲೆ ಇದು ಹೀಗಾದ್ರೆ ನಾನೇನು ಮಾಡ್ಲಿ?”

“ನೀನು ಮೀನಿಗೆ ಹೇಳು, ಎಳೆದು ದಂಡೆಗೆ ಬಿಡತ್ತೆ,” ಎಂದಳು ತಂಗಿ. ಆದರೆ ಅವಳ ಮುಖವೂ ಸಪ್ಪಗಾಗಿತ್ತು.

ಯಜಮಾನ ಬೆವರು ಒರೆಸಿಕೊಂಡ. ಇವತ್ತು ತೇಪೆ ಅವನ ಕಣ್ಣೆದುರೇ ಕುಳಿತು ಊಟ ಮಾಡಿದ್ದಳು. “ಹಾಗಾದ್ರೆ ಯಾರು ಮಾವ?”

“ಮೊದಲು ನಿಮ್ಮಕ್ಕನ್ನ ಕರೀರಿ. ದೋಣಿ ಅವರದ್ದು, ಅವರಿಲ್ದೆ ಮಾತಾಡೋದು ಸರಿಯಲ್ಲ.”

ಅಕ್ಕ ಬಂದು ಮೆಟ್ಟಿಲ ಕೊನೆಯಲ್ಲಿ ನಿಂತರು. ಸಂಜೆಯ ಅಂಗಳವನ್ನು ಅವರು ಬಹಳ ದಿನದಿಂದ ನೋಡಿರಲಿಲ್ಲ. ದೋಣಿಯ ಮೇಲೆ ಕಣ್ಣು ಬಿದ್ದದ್ದೇ ಅವರ ಹುಬ್ಬು ಗಂಟಿಕ್ಕಿತು. ಮಾವ ಅವರಿಗೊಂದು ಸ್ಟೂಲು ಕೊಡಿಸಿ, ತಾವೂ ಕುಳಿತು ಶುರು ಮಾಡಿದರು.

“ದೋಣಿಯಲ್ಲಿ ತೂತಿಲ್ಲ, ಸೋಪು ನೀರು ಅದನ್ನ ಹೇಳಿತ್ತು. ಅಂದ್ರೆ ಗಾಳಿಯನ್ನ ಯಾರೋ ಕೈಯಾರೆ ಬಿಡ್ತಿದ್ರು. ಹಾಳು ಮಾಡೋರು ಒಂದು ಕಡೆ ಬಿಡ್ತಾರೆ, ಅವಸರದಲ್ಲಿ ಮುಚ್ಚಳ ಸಡಿಲ ಬಿಟ್ಟು ಓಡ್ತಾರೆ. ಇಲ್ಲಿ ಮೂರೂ ಕಡೆ ಒಂದೇ ಸಮ ಬಿಟ್ಟಿದಾರೆ, ಮುಚ್ಚಳ ಬಿಗಿಯಾಗಿ ತಿರುಗಿಸಿದಾರೆ. ಮೇಲಿಂದ ಹಗ್ಗ ಸಿಕ್ಕಾಗಬಾರದು ಅಂತ ಜಡೆ ಹೆಣೆದಿದಾರೆ. ಇದು ದ್ವೇಷದ ಕೈ ಅಲ್ಲ, ಆರೈಕೆ ಮಾಡೋ ಕೈ.”

ತೇಪೆ ತಲೆಯೆತ್ತಿದಳು.

“ಬುಧವಾರ ಯಾಕೆ ಬಿಡಲಿಲ್ಲ? ತೇಪೆ ಬಂದಿರಲಿಲ್ಲ, ಅದಕ್ಕೆ ಅಂದ್ಕೊಂಡ್ರು ಯಜಮಾನರು. ಬುಧವಾರ ಇನ್ನೊಂದೂ ಬಂದಿರಲಿಲ್ಲ. ಬಿಸಿಲು. ಉರಿ ಬಿಸಿಲಲ್ಲಿ ದೋಣಿ ಬಿಗಿದು ಅಂಟು ಬಿಡಬಾರದು ಅಂತ ಮಧ್ಯಾಹ್ನ ಸ್ವಲ್ಪ ಗಾಳಿ ಬಿಡೋದು ದೋಣಿ ಸಾಕಿದವರ ಅಭ್ಯಾಸ. ತೇಪೆ ಅದಕ್ಕೆ ಮೊದಲೇ ಜಾಗ ಬಿಟ್ಟಿರ್ತಾಳೆ ಅನ್ನೋದು ಆ ಕೈಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಬಿಟ್ಟ ಗಾಳಿ, ಸಂಜೆಯ ತಂಪು, ಎರಡೂ ಸೇರಿ ದೋಣಿ ಕುಸೀತಿತ್ತು. ಇವತ್ತು ಗೇಟು ದಾಟಿ ಯಾರೂ ಬಂದಿಲ್ಲ, ಇವನು ಕಾದಿದ್ದ. ಉಳಿದದ್ದು ಮನೆಯ ಮೆಟ್ಟಿಲು. ಮನೆಯಲ್ಲಿ ಬಟ್ಟೆ ಹಗ್ಗದ ತುದೀಲೂ ಅದೇ ಜಡೆ ಇದೆ.” ಮಾವನ ದನಿ ಮೆತ್ತಗಾಯಿತು. “ತಪ್ಪು ಅಂತ ಹೇಳ್ತಿಲ್ಲಮ್ಮ. ಈ ಹುಡುಗಿಯ ಕೆಲಸ ಹೋಗೋದ್ರಲ್ಲಿತ್ತು, ಅದಕ್ಕೆ ಹೇಳಬೇಕಾಯ್ತು.”

ಅಕ್ಕ ಗಾಬರಿಯಿಂದ ಎದ್ದು ನಿಂತರು. “ಕೆಲಸನಾ? ನನ್ನಿಂದನಾ? ಏನೋ ಇದು, ನನಗೊಂದು ಮಾತು ಹೇಳೋದಲ್ವಾ?”

“ನೀನು ನೊಂದ್ಕೋತೀಯ ಅಂತ ಅಕ್ಕ…” ಯಜಮಾನ ತಡವರಿಸಿದ. “ನೀನು ಕೆಳಗೆ ಬರ್ತೀಯ ಅಂತ ನನಗೇನು ಗೊತ್ತು?”

“ಬರ್ತೀನಿ ಅಂದ್ರೆ ಇನ್ನೂ ಮರೆತಿಲ್ಲ ಅಂತ ನೀನು ಕೊರಗ್ತೀಯ. ಅದಕ್ಕೆ ನೀನು ಮಲಗಿದ ಮೇಲೆ ಬರ್ತಿದ್ದೆ.” ಅವರು ತೇಪೆಯ ಕೈ ಹಿಡಿದುಕೊಂಡರು. “ಮದುವೆ ಆದಾಗಿಂದ ನಮ್ಮಲ್ಲಿ ಹಾಗೇ ಕಣಮ್ಮ. ಅವರು ಮಧ್ಯಾಹ್ನ ದಂಡೆಗೆ ಬರೋರು, ಊಟ ಮಾಡಿ ಮಲಗೋರು. ಗಾಳಿ ಬಿಡೋದು, ಹಗ್ಗ ಹೆಣೆಯೋದು ನನ್ನ ಕೆಲಸ. ಸಂಜೆ ಎದ್ದು ತುಂಬೋದು ಅವರ ಕೆಲಸ. ದೋಣಿ ಬಿಸಿಲಲ್ಲಿ ಬಿಗಿದುಕೊಂಡಿರೋದು ಕಂಡ್ರೆ ಕೈ ಸುಮ್ಮನಿರ್ತಿರಲಿಲ್ಲ. ಬೆಳಿಗ್ಗೆ ಕಿಟಕಿ ತೆಗೆದು ನೋಡಿದ್ರೆ ಮತ್ತೆ ತುಂಬಿರೋದು. ಯಾರೋ ಸಂಜೆ ತುಂಬ್ತಿದಾರೆ, ನನ್ನ ಪಾಲಿಂದು ನಾನು ಮಾಡೋಣ ಅಂದ್ಕೊಂಡೆ.”

ನನಗೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಡಲು ನಾನು ಎದುರಂಗಡಿಯ ಬೋರ್ಡು ಓದತೊಡಗಿದೆ. ಯಜಮಾನ ತೇಪೆಯ ಮುಂದೆ ಬಂದು, “ತಪ್ಪಾಯ್ತಮ್ಮ, ನಾಳೆ ಬರ್ತೀಯ ತಾನೆ?” ಎಂದ.

“ಬರ್ದೆ? ಅರ್ಧ ಅಂಟಿಸಿದ ದೋಣಿ ಎರಡಿವೆ ಒಳಗೆ,” ಎಂದು ತೇಪೆ ಮೂಗು ಒರೆಸಿಕೊಂಡಳು.

ಅಣ್ಣ ತಂಗಿಯ ಕಡೆ ನೋಡಿದ. ಅಷ್ಟು ದಿನದಲ್ಲಿ ಮೊದಲ ಬಾರಿಗೆ ಇಬ್ಬರೂ ಜಗಳವಿಲ್ಲದೆ ತಲೆಯಾಡಿಸಿದರು. “ದೋಣಿ ನಮಗೇ ಇರಲಿ,” ಎಂದಳು ತಂಗಿ. “ಆದ್ರೆ ಇಲ್ಲೇ ಇಡ್ತೀವಿ ಅಕ್ಕ. ಭಾನುವಾರ ಮಧ್ಯಾಹ್ನ ನಾವು ದಂಡೆಗೆ ಬಂದಾಗ ನೀವೇ ನೋಡ್ಕೋಬೇಕು. ನಮ್ಮಣ್ಣನಿಗೆ ತಿನ್ನೋದು ಬಿಟ್ರೆ ಬೇರೆ ಕೆಲಸ ಬರಲ್ಲ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. ಆಮೇಲೆ ಕುಸಿದು ಕೂತಿದ್ದ ದೋಣಿಯನ್ನು ನೋಡಿ, “ಸಂಜೆ ಆಯ್ತು. ಇದನ್ನ ಹೀಗೇ ಬಿಡಬಾರದು,” ಎಂದರು.

ತೇಪೆ ಕೋಣೆಯೊಳಗಿಂದ ಕಾಲಿನ ಪಂಪು ತಂದು ಅವರ ಮುಂದಿಟ್ಟಳು. “ಇವತ್ತು ನೀವೇ ತುಂಬಿ. ನಾನು ಪಕ್ಕದಲ್ಲಿರ್ತೀನಿ.”

ಅಕ್ಕ ತಮ್ಮನ ಹೆಗಲು ಹಿಡಿದುಕೊಂಡು ಪಂಪಿನ ಮೇಲೆ ಕಾಲಿಟ್ಟರು. ಮೊದಲು ಮೆಲ್ಲಗೆ ಒತ್ತಿದರು, ಆಮೇಲೆ ಜೋರಾಗಿ. ಒಂದು ಪಕ್ಕೆ ಎದ್ದಿತು, ಇನ್ನೊಂದು ಎದ್ದಿತು. ತೇಪೆ ಹೆಬ್ಬೆರಳಿಂದ ಒತ್ತಿ ನೋಡುತ್ತ “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುತ್ತಿದ್ದಳು. ಮೂತಿಯ ಭಾಗಕ್ಕೆ ಬರುವಷ್ಟರಲ್ಲಿ ಅಕ್ಕನಿಗೆ ಏದುಸಿರು ಬಂತು. ಅವರು ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಪಂಪನ್ನೇ ನೋಡಿದರು.

“ಇಷ್ಟೊಂದು ಕಷ್ಟ ಇತ್ತಾ ಇದು?” ಎಂದರು. “ಒಂದು ದಿನಾನೂ ಹೇಳಲಿಲ್ವಲ್ಲ ಅವರು.”

ಮತ್ತೆ ಕಾಲಿಟ್ಟು ಒತ್ತಿದರು.