ಉಪ್ಪು ಬಿಟ್ಟ ಜಾಡಿ

೨೦೨೫ರ ಏಪ್ರಿಲ್ ೨೧, ಸೋಮವಾರ ಬೆಳಿಗ್ಗೆ ೧೦.೨೦ಕ್ಕೆ ರೇಷ್ಮೆ ವ್ಯಾಪಾರಿ ಮಲ್ಲಿಕಾರ್ಜುನಸ್ವಾಮಿ ಕೊಳ್ಳೇಗಾಲದ ಠಾಣೆಗೆ ಬಂದು, ತಮ್ಮ ಸಂಗ್ರಹದ ಹಳೆಯ ಚೀನಾ ಜಾಡಿಯೊಂದು ಕಳುವಾಗಿದೆಯೆಂದು ದೂರು ಕೊಟ್ಟರು. ಬರುವ ಗುರುವಾರ ಮೈಸೂರಿನ ಪ್ರಕಾಶಕರು ಬಂದು ಎಲ್ಲ ಜಾಡಿಗಳ ಫೋಟೊ ತೆಗೆದು, ಒಂದೊಂದರ ಮನೆತನದ ಕತೆ ಸೇರಿಸಿ ಪುಸ್ತಕ ಮಾಡುವವರಿದ್ದರು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಜಡೇಸ್ವಾಮಿ ಕಾನ್‌ಸ್ಟೆಬಲ್ ಕುಸುಮಳೊಂದಿಗೆ ಹೊರಟರು.

ವ್ಯಾಪಾರಿಯ ಮನೆಯಲ್ಲಿ ಯಾವ ಬೀಗವೂ ಮುರಿದಿರಲಿಲ್ಲ. ಕಪಾಟಿನಲ್ಲಿ ಇಪ್ಪತ್ತೆರಡು ಜಾಡಿಗಳು ಮಿರಮಿರ ಮಿಂಚುತ್ತಿದ್ದವು. ಕಣ್ಣು ಕುಕ್ಕುವ ಹಸಿರು ಜಾಡಿಯನ್ನು ಬಿಟ್ಟು, ಬಿರುಕು ಬಿಟ್ಟ ಕಂದು ಜಾಡಿಯನ್ನು ಹೊತ್ತೊಯ್ದ ಕಳ್ಳ ದಡ್ಡನೋ ಜಾಣನೋ ಎಂದು ಜಡೇಸ್ವಾಮಿಗೆ ಭಾರಿ ಕುತೂಹಲವಾಯಿತು. ಖಾಲಿ ಜಾಗದಲ್ಲಿ ಅದರ ಚೀಟಿ ಬೋರಲು ಬಿದ್ದಿತ್ತು. ತಿರುಗಿಸಿ ಓದಿದರು: ‘ನಮ್ಮ ಮುತ್ತಾತ ಚೀನಾ ರೇಷ್ಮೆಯ ಜೊತೆ ಮದರಾಸಿನಿಂದ ತಂದದ್ದು. ಅಲಂಕಾರಕ್ಕೆ ಮಾತ್ರ.’

ಕುಸುಮ ಹಲಗೆಯ ಮೇಲಿದ್ದ ಬಿಳಿ ಪುಡಿಯನ್ನು ಬೆರಳಿಗೆ ಒತ್ತಿ ನಾಲಿಗೆಗಿಟ್ಟಳು.

“ಸಾಕ್ಷ್ಯ ನೆಕ್ತೀಯಲ್ಲಮ್ಮ!”

“ಉಪ್ಪು ಸಾ. ನಮ್ಮ ಲೊಕ್ಕನಹಳ್ಳೀಲೂ ಬಿರುಕು ಬಿಟ್ಟ ಜಾಡಿ ಇಂಗೇಯ ಉಪ್ಪು ಉದುರುಸ್ತದೆ. ಇದ್ರಲ್ಲಿ ವರ್ಸಗಟ್ಲೆ ಉಪ್ಪಿನಕಾಯಿ ಆಕವ್ರೆ.”

ಪಂಚನಾಮೆಗೆ ಉಪ್ಪೂ ಸೇರಿತು. ಚೀಟಿ ಸುಳ್ಳು ಹೇಳುತ್ತಿದೆಯೆಂದು ಜಡೇಸ್ವಾಮಿಗೆ ಖಾತ್ರಿಯಾಯಿತು.

“ಇದರಲ್ಲಿ ಉಪ್ಪಿನಕಾಯಿ ಹಾಕ್ತಿದ್ದೋರು ಯಾರು?”

ಮಲ್ಲಿಕಾರ್ಜುನಸ್ವಾಮಿ ಕೆಮ್ಮಿದರು. “ನಮ್ಮವ್ವ. ತೀರ್ಕೊಂಡು ಎಂಟು ವರ್ಷ ಆಯ್ತು.”

“ಅವರ ಜೊತೆಗೆ ಹಾಕ್ತಿದ್ದೋರು?”

“ತಂಗಿ ಶಿವರತ್ನಮ್ಮ. ಯಳಂದೂರಿಗೆ ಕೊಟ್ಟಿದ್ದೀವಿ.”

“ಕಡೇ ಸಲ ಬಂದಿದ್ದು?”

“ನಿನ್ನೆ. ಊಟಕ್ಕೆ.”

ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಭಾನುವಾರ ಸಂಜೆ ೪.೩೫ರ ಯಳಂದೂರು ಬಸ್ಸಿಗೆ ಹೆಂಗಸೊಬ್ಬರು ಸೀರೆ ಸುತ್ತಿದ ಗಂಟನ್ನು ಎಳೆಗೂಸಿನಂತೆ ಅಪ್ಪಿಕೊಂಡು ಹತ್ತಿದ್ದರು.

ಮಧ್ಯಾಹ್ನ ೨.೧೦. ಯಳಂದೂರಿನಲ್ಲಿ ಶಿವರತ್ನಮ್ಮನ ಅಡುಗೆಮನೆಯ ಅಟ್ಟದಲ್ಲಿ ಜಾಡಿ ಸಿಕ್ಕಿತು. ಬಾಯಿಗೆ ಬಟ್ಟೆ ಬಿಗಿದಿತ್ತು, ಕಂಠದವರೆಗೆ ಹೊಸ ಮಾವಿನಕಾಯಿ ತುಂಬಿತ್ತು. ಜಡೇಸ್ವಾಮಿ ತಲೆ ಕೆರೆದುಕೊಂಡು ಜಪ್ತಿ ಪಂಚನಾಮೆಯಲ್ಲಿ ‘ಉಪ್ಪಿನಕಾಯಿ ಸಹಿತ’ ಎಂದು ಬರೆದರು.

“ಯಾಕಮ್ಮ ತಂದ್ರಿ?”

“ನಮ್ಮವ್ವನ ಅಪ್ಪ ಮಲಯಾ ದೇಸದ ಪಿನಾಂಗಿನ ರಬ್ಬರ್ ತೋಟಕ್ಕೆ ಕೂಲಿಗೋಗಿದ್ದ ಸಾ. ಸಮುದ್ರದ ಮ್ಯಾಲೆ ಮಡ್ಲಲ್ಲಿ ಮಡೀಕಂಡು ಇದ್ನ ತಂದ, ಮಗಳ ಮದ್ವೇಲಿ ಕೊಟ್ಟ. ಕೂಲಿಯವನ ಎಸ್ರು ಬರುದ್ರೆ ಮರ್ವಾದೆ ಓಯ್ತದೆ ಅಂತ ನಮ್ಮಣ್ಣ ಚೀಟೀಲಿ ಮುತ್ತಾತನ ಎಸ್ರು ಬರ್ದ. ತಿದ್ದು ಅಂತ ಮೂರು ಸಲ ಬೇಡ್ಕಂಡೆ. ಪುಸ್ತಕ ಅಚ್ಚಾದ್ಮೇಲೆ ಯಾರು ತಿದ್ತಾರೆ?”

ಜಡೇಸ್ವಾಮಿಗೆ ನಿಜಕ್ಕೂ ಬೇಜಾರಾಯಿತು. ದೂರು ಹಿಂದಕ್ಕೆ ಪಡೆಯುವಂತೆ ಆಕೆಯ ಅಣ್ಣನಿಗೆ ಫೋನ್ ಮಾಡಿ ನೋಡಿದರು.

“ಕಳ್ಳತನ ಅಂದ್ರೆ ಕಳ್ಳತನಾನೇ. ಕೇಸು ನಡೀಲಿ,” ಎಂದರು ಅವರು.

ಸಂಜೆ ೪.೦೫ಕ್ಕೆ ಕುಸುಮಳ ಸಮಕ್ಷಮ ಶಿವರತ್ನಮ್ಮನ ಬಂಧನವಾಯಿತು. ಜಡೇಸ್ವಾಮಿ ಹೇಳಿಕೆ ಬರೆದುಕೊಂಡು, ಪದ್ಧತಿಯಂತೆ ಓದಿ ಹೇಳಿದರು: “ಸದರಿ ಜಾಡಿಯನ್ನು ಕಾಮಗೆರೆಯ ಕೂಲಿ ಚಿಕ್ಕಮಾದಪ್ಪನವರು ಪಿನಾಂಗಿನಿಂದ ತಂದು, ತಮ್ಮ ಮಗಳು, ಅಂದರೆ ನನ್ನ ತಾಯಿ ಚಿಕ್ಕಬಸಮ್ಮನವರಿಗೆ ಕೊಟ್ಟಿರುತ್ತಾರೆ…”

“ಇದ್ನ ಕೋರ್ಟ್‌ನಲ್ಲೂ ಓದ್ತಾರಾ ಸಾ?”

“ಓದ್ತಾರೆ.”

“ಎಲ್ರ ಮುಂದ್ಲೂವಾ?”

“ಎಲ್ಲರ ಮುಂದೆ.”

ಶಿವರತ್ನಮ್ಮ ಪೆನ್ನು ಈಸಿಕೊಂಡು ಸಹಿ ಹಾಕಿದರು.