ಅಜ್ಜನ ಬಂದೂಕು, ಸೊಸೆಯ ಪಿಸ್ತೂಲು

"ಅತ್ತೆ, ನನಗೊಂದು ಪಿಸ್ತೂಲು ಆರಿಸಿಕೊಡ್ತೀರಾ?"

ಒಲೀಟಾಳ ಕೈಯಲ್ಲಿದ್ದ ಸೌಟು ಬೀನ್ಸ್ ಕಾಳಿನ ಪಾತ್ರೆಯಲ್ಲೇ ನಿಂತುಬಿಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ಸೊಸೆ ಮಿಸ್ಟಿ ನಿಂತಿದ್ದಳು. ಅವಳ ಎಡ ಮಣಿಕಟ್ಟಿಗೆ ಇನ್ನೂ ಪಟ್ಟಿ ಇತ್ತು. ನಾಲ್ಕು ವರ್ಷದ ಲೇಸಿ ತಾಯಿಯ ಲಂಗ ಹಿಡಿದುಕೊಂಡು ಅಜ್ಜಿಯ ಮುಖವನ್ನೇ ನೋಡುತ್ತಿತ್ತು. ಯಾರಿಗೆ ಹೆದರಿ ಪಿಸ್ತೂಲು ಎಂದು ಒಲೀಟಾ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಆ ಮಣಿಕಟ್ಟನ್ನು ಮುರಿದವನು ಅವಳು ಹೆತ್ತ ಒಬ್ಬನೇ ಮಗ ಡ್ವೇನ್!

"ಹತ್ತಿರ ಸುಳೀಬಾರದು ಅಂತ ಜಡ್ಜು ಬರೆದುಕೊಟ್ಟಿದ್ದಾರಲ್ಲೇ ಮಗಳೇ..."

"ಕಾಗದ ಬಾಗಿಲು ಕಾಯುತ್ತಾ ಅತ್ತೆ? ಫೋನ್ ಮಾಡಿದ್ರೆ ಪೊಲೀಸರು ಬರೋಕೆ ನಲವತ್ತು ನಿಮಿಷ. ನಿನ್ನೆ ಫೋನಿನಲ್ಲಿ ಹೇಳಿದ್ದಾನೆ, ಭಾನುವಾರ ಬಂದು ಮಗೂನ ಕರ್ಕೊಂಡು ಹೋಗ್ತೀನಿ ಅಂತ."

ಭಾನುವಾರವೆಂದರೆ ನಾಳೆ. ಒಲೀಟಾ ಒಲೆ ಆರಿಸಿದಳು.

ಲೇಸಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೂ ಹಾರ್ಲನ್‌ನ ಬಂದೂಕಿನ ಅಂಗಡಿಗೆ ಹೋದರು. ಒಲೀಟಾಳ ಮದುವೆಗೆ ಬಂದು ಕುಣಿದಿದ್ದ ಹಾರ್ಲನ್ ಈಗ ಎಪ್ಪತ್ತು ದಾಟಿದ ಮುದುಕ. ಹೊಸಬಳು ಎಂದು ತಿಳಿದದ್ದೇ ತಡ, ಗಾಜಿನ ಪೆಟ್ಟಿಗೆಯಿಂದ ಅಂಗೈಯಲ್ಲಿ ಅಡಗುವಷ್ಟು ಪುಟ್ಟದೊಂದು ಗುಲಾಬಿ ಬಣ್ಣದ ಪಿಸ್ತೂಲನ್ನು ತೆಗೆದಿಟ್ಟ.

"ಹೆಂಗಸರೆಲ್ಲ ಇದನ್ನೇ ಒಯ್ಯೋದು. ಹಗುರ. ಕೈಚೀಲದಲ್ಲಿ ಹಾಕ್ಕೊಂಡ್ರೆ ಗೊತ್ತೇ ಆಗಲ್ಲ."

"ನಿನ್ನ ಹೆಂಡತಿಯ ಉಗುರಿನ ಬಣ್ಣಕ್ಕೆ ಚೆನ್ನಾಗಿ ಹೊಂದುತ್ತೆ, ಅವಳಿಗೇ ಕೊಡು ಹೋಗು!" ಎಂದಳು ಒಲೀಟಾ. "ಹಗುರ ಇದ್ದಷ್ಟೂ ಕೈಗೆ ಒದೆಯುತ್ತೆ ಅನ್ನೋದು ನಿನಗೆ ಗೊತ್ತಿಲ್ವಾ? ಎರಡು ಗುಂಡು ಹಾರಿಸಿದ್ರೆ ಈ ಹುಡುಗಿ ಮೂರನೇದಕ್ಕೆ ಕಣ್ಣು ಮುಚ್ಚಿಕೊಳ್ತಾಳೆ. ಇನ್ನು ಕೈಚೀಲ ಅಂದ್ಯಲ್ಲ, ಮನೇಲಿ ಮಗು ಇದೆ. ಪೆಪ್ಪರ್‌ಮಿಂಟ್‌ಗೆ ಅಂತ ದಿನಕ್ಕೆ ಹತ್ತು ಸಲ ಅದರೊಳಗೆ ಕೈ ಹಾಕುತ್ತೆ!"

ಹಾರ್ಲನ್ ನಾಚಿ ಬೇರೆಯದನ್ನು ತೆಗೆದ. ಅದು ಸ್ವಲ್ಪ ದೊಡ್ಡದು, ತೂಕದ್ದು. ಗುಂಡು ಏರಿಸಲು ಮಿಸ್ಟಿ ಅದರ ಮೇಲ್ಭಾಗವನ್ನು ಹಿಂದಕ್ಕೆಳೆಯಲು ನೋಡಿದಳು. ಅರ್ಧ ಬಂತು. ಮಣಿಕಟ್ಟು ಚುಳ್ಳೆಂದಿರಬೇಕು, ತುಟಿ ಕಚ್ಚಿಕೊಂಡಳು. ಒಲೀಟಾ ಮುಖ ತಿರುಗಿಸಿಕೊಂಡಳು. ಎಳೆಯುವ ಕೆಲಸವೇ ಇಲ್ಲದ ರಿವಾಲ್ವರನ್ನೂ ನೋಡಿದ್ದಾಯಿತು. ಅದರ ಟ್ರಿಗರು ಬಿಗಿ, ಒತ್ತುವಾಗಲೆಲ್ಲ ಮೂತಿ ಅಲುಗುತ್ತಿತ್ತು. ಕೊನೆಗೆ ಮೇಲ್ಭಾಗ ಸಲೀಸಾಗಿ ಹಿಂದಕ್ಕೆ ಸರಿಯುವ ಕಪ್ಪು ಪಿಸ್ತೂಲೊಂದು ಸಿಕ್ಕಿತು. ಅದರ ಹಿಡಿಕೆ ಮಿಸ್ಟಿಯ ಮುಷ್ಟಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಯನ್ನು ಒಲೀಟಾ ತಾನೇ ಆರಿಸಿ, ಸೊಸೆಯ ಸೊಂಟಕ್ಕೆ ಸಿಕ್ಕಿಸಿ, ಅಂಗಿಯನ್ನು ಕೆಳಗೆಳೆದು, ದೂರ ನಿಂತು ನೋಡಿದಳು. ಹತ್ತು ವರ್ಷದ ಹಿಂದೆ ಇದೇ ಹುಡುಗಿಗೆ ಮದುವೆಯ ಉಡುಪಿನ ನೆರಿಗೆ ಸರಿಪಡಿಸಿ ಹೀಗೆಯೇ ದೂರ ನಿಂತು ನೋಡಿದ್ದಳು...

ಅಂಗಡಿಯ ಹಿಂದೆ ಗುರಿ ಕಲಿಯುವ ಜಾಗವಿತ್ತು. ಮಣ್ಣಿನ ದಿಬ್ಬದ ಮುಂದೆ ಮನುಷ್ಯಾಕಾರದ ಹಾಳೆಯನ್ನು ತೂಗುಹಾಕಿದ್ದರು. ಮುಖವಿಲ್ಲ, ಅಗಲವಾದ ಹೆಗಲು. ಮಿಸ್ಟಿ ಪಿಸ್ತೂಲು ಎತ್ತಿದಳು, ಇಳಿಸಿದಳು.

"ಆಗಲ್ಲ ಅತ್ತೆ... ಅದು ಅವನ ಹಾಗೇ ನಿಂತಿದೆ."

"ಅದನ್ನ ಕೆಳಗಿಟ್ಟು ಬಾ ಇಲ್ಲಿ." ಒಲೀಟಾ ಹಾಳೆಯ ಬಳಿಗೆ ನಡೆದು ಅದರ ಎದೆಯ ಮೇಲೆ ಅಂಗೈಯಿಟ್ಟಳು. "ತಲೆಗಲ್ಲ, ಕಾಲಿಗಲ್ಲ. ಇಲ್ಲಿ."

ಹೇಳಿದವಳಿಗೆ ಕೈ ತೆಗೆಯಲಾಗಲಿಲ್ಲ. ಮೂರು ವರ್ಷದವನಿದ್ದಾಗ ಡ್ವೇನ್‌ಗೆ ಎದೆ ಕಟ್ಟಿ ಜ್ವರ ಬಂದಿತ್ತು. ಹದಿನಾಲ್ಕು ದಿನ ಅವಳು ಇದೇ ಜಾಗಕ್ಕೆ ಕಿವಿಯಿಟ್ಟು, ಉಸಿರು ಇದೆಯೇ, ಇದೆಯೇ ಎಂದು ಕೇಳಿಸಿಕೊಂಡಿದ್ದಳು. ಅಯ್ಯೋ ದೇವರೇ, ಅದೇ ಜಾಗವನ್ನು ಇಂದು ತೋರಿಸಿಕೊಡುವಂತಾಯಿತೇ!

"ಅತ್ತೆ," ಮಿಸ್ಟಿ ಮೆಲ್ಲಗೆ ಕೇಳಿದಳು, "ಅವನ ಹತ್ರ ಈಗ ಬಂದೂಕಿಲ್ಲ ಅಲ್ವಾ? ಆದೇಶ ಆದ ದಿನ ಪೊಲೀಸರು ಬಂದು ಎಲ್ಲಾ ತಗೊಂಡು ಹೋದ್ರಲ್ಲ?"

ಒಲೀಟಾ ಹಾಳೆಯಿಂದ ಕೈ ತೆಗೆದಳು. ಆ ದಿನ ಪೊಲೀಸರು ಕೇಳಿದಾಗ "ಬಂದೂಕುಗಳು ಇಷ್ಟೇ" ಎಂದಿದ್ದಳು. ಡ್ವೇನ್‌ನ ಅಜ್ಜನ ಜಿಂಕೆ ಬೇಟೆಯ ಬಂದೂಕು ಮಾತ್ರ ಅವಳ ಹಾಸಿಗೆಯ ಕೆಳಗಿತ್ತು. ಮಗ ಮೊದಲ ಜಿಂಕೆ ಹೊಡೆದಾಗ ಅದರ ರಕ್ತವನ್ನು ಅವನ ಕೆನ್ನೆಗೆ ಬಳಿದು, ಗಂಡ ಕೈಯಾರೆ ಕೊಟ್ಟಿದ್ದ ಬಂದೂಕು ಅದು. ಮೂರು ತಲೆಮಾರಿನದನ್ನು ಪೊಲೀಸರ ಕೈಗೆ ಕೊಡಲು ಮನಸ್ಸು ಬಂದಿರಲಿಲ್ಲ. ಹೋದ ವಾರ ಅವನು ಬಂದು ಕೇಳಿದ, ಕೊಟ್ಟಳು.

"ಇದೆ," ಎಂದಳು. "ನಾನೇ ಬಚ್ಚಿಟ್ಟೆ, ನಾನೇ ಕೊಟ್ಟೆ. ಅವನು ಬೆಟ್ಟದ ಮೇಲೆ, ಬೇಟೆಗಾರರ ಗುಡಿಸಲಲ್ಲಿದ್ದಾನೆ. ದಿನಾ ನಾನೇ ಊಟ ಒಯ್ಯೋದು."

ಮಿಸ್ಟಿ ಅತ್ತೆಯ ಕಡೆ ತಿರುಗಿದಳು.

"ಹಾಗಾದ್ರೆ ನನಗೆ ಇದನ್ನ ಯಾಕೆ ಕಲಿಸ್ತಿದ್ದೀರಿ ಅತ್ತೆ? ನಾನೂ ಅವನೂ ಒಬ್ಬರನ್ನೊಬ್ಬರು ಕೊಂದುಕೊಳ್ಳಲಿ ಅಂತಾನಾ?"

ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಮೊದಲಿನ ಜಾಗಕ್ಕೇ ಮರಳಿ ನಿಂತಳು, ಪಿಸ್ತೂಲು ಎತ್ತಿದಳು, ಅತ್ತೆ ಪಕ್ಕಕ್ಕೆ ಸರಿಯುವುದನ್ನು ಕಾದು ಐದು ಗುಂಡು ಹಾರಿಸಿದಳು. ಎದೆಯ ಮೇಲೆ ಐದು ತೂತು. ಒಂದೂ ತಪ್ಪಿರಲಿಲ್ಲ. ಸೊಸೆ ಚೆನ್ನಾಗಿ ಕಲಿತಿದ್ದಳು!

ಒಲೀಟಾ ಅಂಗಡಿಯ ಫೋನಿನಿಂದಲೇ ಪೊಲೀಸರಿಗೆ ಕರೆ ಮಾಡಿ, ಎಲ್ಲವನ್ನೂ ಹೇಳಿದಳು.

ನಾಲ್ಕು ಗಂಟೆಗೆ ಅವಳು ಮೆಕ್ಕೆಜೋಳದ ರೊಟ್ಟಿ, ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್ ಕಾಳು ಹೊತ್ತು ಗುಡಿಸಲಿಗೆ ಬೆಟ್ಟ ಹತ್ತಿದಳು. ಡ್ವೇನ್ ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಗಿತ್ತು.

"ತಡ ಆಯ್ತಲ್ಲಮ್ಮ. ಹೊಟ್ಟೆ ಚುರುಗುಟ್ಟುತ್ತಿದೆ."

"ತಿನ್ನು, ಬಿಸಿ ಇದೆ." ಅವಳು ಮೂಲೆಯಲ್ಲಿದ್ದ ಬಂದೂಕನ್ನು ಎತ್ತಿಕೊಂಡಳು. "ನಳಿಗೆ ತುಕ್ಕು ಹಿಡಿದಿದೆ ನೋಡು. ನಿನ್ನಪ್ಪ ಇದ್ದಿದ್ರೆ ಬೆನ್ನು ಮುರೀತಿದ್ರು. ಎಣ್ಣೆ ಹಾಕಿ ತರ್ತೀನಿ."

"ನಾಳೆ ಬೆಳಗ್ಗೆಯೊಳಗೆ ಬೇಕು ನನಗೆ," ಎಂದ ಅವನು, ತಟ್ಟೆಯಿಂದ ತಲೆಯೆತ್ತದೆ. ಅಮ್ಮನ ಮೇಲೆ ಅವನಿಗೆ ಅಷ್ಟು ನಂಬಿಕೆ.

ಬಾಗಿಲಲ್ಲಿ ಅವಳು ಒಮ್ಮೆ ತಿರುಗಿದಳು. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆಯೇ ಅವನು ರೊಟ್ಟಿಯನ್ನು ಮುರಿದು ಕಾಳಿನ ರಸದಲ್ಲಿ ಮುಳುಗಿಸುತ್ತಿದ್ದ.

ಇಳಿಜಾರಿನ ಕೆಳಗೆ, ಗೇಟಿನ ಬಳಿ ಇಬ್ಬರು ಪೊಲೀಸರು ಕಾದಿದ್ದರು. ಒಲೀಟಾ ಬಂದೂಕಿನ ಗುಂಡುಗಳನ್ನು ತೆಗೆದು ಮೇಲಂಗಿಯ ಜೇಬಿಗೆ ಹಾಕಿಕೊಂಡಿದ್ದಳು. ಅದನ್ನು ಮಗುವನ್ನು ಒಪ್ಪಿಸುವಂತೆ ಎರಡೂ ಕೈಯಲ್ಲಿ ಒಪ್ಪಿಸಿದಳು. ಗುಂಡುಗಳನ್ನೂ ಒಂದೊಂದಾಗಿ ಕೊಟ್ಟಳು.

"ಒಳಗೆ ಇನ್ನೇನೂ ಇಲ್ಲ. ಈ ಸಲ ಸುಳ್ಳು ಹೇಳ್ತಿಲ್ಲ," ಎಂದಳು.

ಪೊಲೀಸರು ಗುಡಿಸಲಿನತ್ತ ಹೆಜ್ಜೆಯಿಟ್ಟರು. ಅವಳು ಹಿರಿಯವನ ತೋಳು ಹಿಡಿದಳು.

"ಒಂದೈದು ನಿಮಿಷ ನಿಲ್ಲಪ್ಪಾ... ಅವನಿನ್ನೂ ತಿಂತಾ ಇದ್ದಾನೆ."